ಬಿಟ್, ಬೈಟ್, ಬಾಡ್: ಮೂರು ಮಾನಗಳ ಚರಿತ್ರೆ

ಗಣಕಯಂತ್ರಕ್ಕೆಂದು ಅಂಗಡಿಯಿಂದ ಕೊಂಡು ತಂದ ಸಂಗ್ರಹದ ಪೆಟ್ಟಿಗೆಯ ಮೇಲೆ '೧ ಟೆರಾಬೈಟ್' ಎಂದು ಅಚ್ಚಾಗಿರುತ್ತದೆ. ಅದನ್ನು ಯಂತ್ರಕ್ಕೆ ಜೋಡಿಸಿದೊಡನೆ, ಅದರಲ್ಲಿರುವುದು ೯೩೧ ಗಿಗಾಬೈಟ್ ಮಾತ್ರವೆಂದು ಯಂತ್ರವು ತೋರಿಸುತ್ತದೆ. ಸಾವಿರ ಗಿಗಾಬೈಟಿಗೆ ಒಂದು ಟೆರಾಬೈಟೆಂದು ಓದಿ ತಿಳಿದ ಗೃಹಸ್ಥನಿಗೆ ಉಳಿದ ೬೯ ಎಲ್ಲಿ ಹೋಯಿತೆಂಬ ಸಂಶಯವು ಹುಟ್ಟುವುದು ಸಹಜ. ಅದೇ ಮನೆಗೆ ಸೆಕೆಂಡಿಗೆ ೧೦೦ ಮೆಗಾಬಿಟ್ ವೇಗದ ಅಂತರ್ಜಾಲವನ್ನು ಒದಗಿಸುವೆವೆಂದು ಕರಾರು ಆಗಿರುತ್ತದೆ. ಕಡತವೊಂದು ಇಳಿದು ಬರುವಾಗ ಯಂತ್ರವು ಸೆಕೆಂಡಿಗೆ ೧೨ ಮೆಗಾಬೈಟೆಂದು ಹೇಳುತ್ತದೆ. ಮೊದಲನೆಯದರಲ್ಲಿ ನೂರಕ್ಕೆ ಏಳರಷ್ಟು ಕೊರತೆ. ಎರಡನೆಯದರಲ್ಲಿ ಎಂಟು ಪಾಲಿನಲ್ಲಿ ಏಳು ಪಾಲು ಮಾಯವಾದಂತೆ ತೋರುವುದು. ಎರಡರಲ್ಲಿಯೂ ಕಳ್ಳತನವೇನೂ ನಡೆದಿರುವುದಿಲ್ಲ. ಹಿಂದೆ ಸಂತೆಗಳಲ್ಲಿ ಸೇರೆಂಬ ಒಂದೇ ಹೆಸರಿನ ಕೆಳಗೆ ಪಕ್ಕಾ ಸೇರು, ಕಚ್ಚಾ ಸೇರು ಎಂಬ ಎರಡು ಅಳತೆಗಳು ನಡೆಯುತ್ತಿದ್ದುದನ್ನು ಬಲ್ಲ ಹಿರಿಯರಿಗೆ ಈ ತೊಡಕಿನ ಸ್ವರೂಪವು ಬೇಗನೆ ತಿಳಿದೀತು. ಆದರೆ ಅದು ಬಂದುದು ಹೇಗೆಂಬುದನ್ನು ತಿಳಿಯಬೇಕಾದರೆ ತಂತಿಯ ಕಛೇರಿಯಿಂದಲೇ ಪ್ರಾರಂಭಿಸಬೇಕಾಗುವುದು.

೧೮೪೪ನೆಯ ಇಸವಿಯ ಮೇ ತಿಂಗಳಲ್ಲಿ ಅಮೆರಿಕಾದ ಸ್ಯಾಮ್ಯುಯೆಲ್ ಮೋರ್ಸನು ವಾಷಿಂಗ್ಟನ್ ನಗರದಿಂದ ಬಾಲ್ಟಿಮೋರಿಗೆ ತಂತಿಯ ಮೂಲಕ ಸಂದೇಶವನ್ನು ಕಳುಹಿಸಿದನು. ಅಲ್ಲಿಂದ ಮುಂದೆ ಬಹುಕಾಲ ತಂತಿಯ ಕೆಲಸವನ್ನು ಜನರು ಅಳೆದುದು ಪದಗಳ ಎಣಿಕೆಯಿಂದ. ಇಷ್ಟು ಪದಕ್ಕೆ ಇಷ್ಟು ಹಣವೆಂಬ ಕ್ರಮವನ್ನು ಭಾರತದ ಮನೆಮನೆಯೂ ಬಲ್ಲದು. ೨೦೧೩ರ ಜುಲೈ ತಿಂಗಳಲ್ಲಿ ಇಲ್ಲಿಯ ತಂತಿಯ ಸೇವೆಯು ನಿಂತುಹೋಗುವ ತನಕ ಮದುವೆಯ ಹರಕೆಯಾಗಲಿ, ಮರಣದ ವಾರ್ತೆಯಾಗಲಿ ಪದಪದವಾಗಿ ಎಣಿಸಲ್ಪಟ್ಟೇ ಹೋಗುತ್ತಿದ್ದಿತು. ಆದರೆ ಪದವು ತಂತಿಯ ದುಡಿಮೆಗೆ ಸರಿಯಾದ ಅಳತೆಯಲ್ಲ. ಮೋರ್ಸನ ಸಂಕೇತದಲ್ಲಿ ಇಂಗ್ಲಿಷಿನ 'ಇ' ಅಕ್ಷರಕ್ಕೆ ಒಂದೇ ಒಂದು ಚುಕ್ಕೆ. 'ಕ್ಯೂ' ಅಕ್ಷರಕ್ಕೆ ಮೂರು ಗೆರೆಗಳೂ ಒಂದು ಚುಕ್ಕೆಯೂ ಬೇಕು. ಗೆರೆಯ ಕಾಲವು ಚುಕ್ಕೆಯ ಕಾಲದ ಮೂರರಷ್ಟು. ಹೀಗಿರಲಾಗಿ ಒಂದು ಪದವು ಇನ್ನೊಂದರ ಎರಡರಷ್ಟು ಹೊತ್ತು ತಂತಿಯನ್ನು ಹಿಡಿದು ಕೂರಬಹುದಾಗಿದ್ದಿತು.

ಈ ಅಸಮತೆಯನ್ನು ತೊಡೆದು ಹಾಕಿದವನು ಫ್ರಾನ್ಸು ದೇಶದ ಏಮೀಲ್ ಬೋದೊ. ಈತನು ೧೮೪೫ರಲ್ಲಿ ಬೇಸಾಯಗಾರರ ಮನೆಯಲ್ಲಿ ಹುಟ್ಟಿ, ಪ್ರಾಥಮಿಕ ಶಾಲೆಯ ಓದಿನಾಚೆ ಹೋಗದೆ, ೧೮೬೯ರಲ್ಲಿ ತಂತಿಯ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದನು. ೧೮೭೪ರಲ್ಲಿ ಈತನು ಹಕ್ಕು ಪಡೆದ ಯಂತ್ರದಲ್ಲಿ ಅಕ್ಷರ ಯಾವುದೇ ಆಗಲಿ ಅದಕ್ಕೆ ಐದೇ ಮಾತ್ರೆಗಳು. ಪ್ರತಿಯೊಂದು ಮಾತ್ರೆಯ ಕಾಲವೂ ಸಮ. ಪ್ರತಿಯೊಂದರಲ್ಲಿಯೂ ಎರಡೇ ಸಾಧ್ಯತೆಗಳು. ಬೆರಳಿಗೆ ಐದು ಕೀಲಿಗಳು, ಎಡಗೈಗೆ ಎರಡು, ಬಲಗೈಗೆ ಮೂರು. ಒಂದೇ ತಂತಿಯನ್ನು ಹಲವು ಮಂದಿ ಸರದಿಯಂತೆ ಹಂಚಿಕೊಳ್ಳುವುದಕ್ಕಾಗಿ ತಿರುಗುವ ಕುಂಚವೊಂದು ಒಬ್ಬೊಬ್ಬರ ಕೀಲಿಮಣೆಯನ್ನೂ ಕ್ಷಣಕಾಲ ತಂತಿಗೆ ತಾಗಿಸುತ್ತಿದ್ದಿತು. ತನ್ನ ಸರದಿ ಬಂದಾಗ ಯಂತ್ರವು 'ಟಕ್' ಎನ್ನುವುದು. ಆ ತಾಳಕ್ಕೆ ಸರಿಯಾಗಿ ಕೀಲಿಗಳನ್ನು ಒತ್ತಬೇಕು. ತಾಳ ತಪ್ಪಿದರೆ ಅಕ್ಷರ ತಪ್ಪಿತು. ನಿಮಿಷಕ್ಕೆ ೧೮೦ ಸಲ ಹೀಗೆ ಒತ್ತಿ ಮೂವತ್ತು ಪದಗಳನ್ನು ಕಳುಹಿಸುತ್ತಿದ್ದ ಆ ನೌಕರರ ಕೆಲಸವು ಗುಮಾಸ್ತೆಯ ಕೆಲಸಕ್ಕಿಂತ ಮೃದಂಗದವರ ಕೆಲಸಕ್ಕೆ ಹತ್ತಿರವಾದುದು.

ಎರಡು ಸಾಧ್ಯತೆಗಳ ಐದು ಸ್ಥಾನಗಳಲ್ಲಿ ಎಷ್ಟು ಭೇದಗಳು ಆಗುವುವೆಂಬುದನ್ನು ಛಂದಸ್ಸನ್ನು ಓದಿದವರಿಗೆ ಹೇಳಿಕೊಡಬೇಕಾದುದಿಲ್ಲ. ಲಘು ಗುರುಗಳೆಂಬ ಎರಡರಿಂದ ಮೂರಕ್ಷರದ ಗಣಗಳು ಎಂಟು. ಪ್ರಸ್ತಾರವನ್ನು ಐದಕ್ಷರಕ್ಕೆ ಬೆಳೆಸಿದರೆ ಮೂವತ್ತೆರಡು. ಪಿಂಗಳನ ಛಂದಶ್ಶಾಸ್ತ್ರದಲ್ಲಿ ಈ ಎಣಿಕೆಯೂ, ಇಷ್ಟನೆಯ ಭೇದದ ರೂಪವೇನೆಂದು ಕಂಡುಹಿಡಿಯುವ ಉಪಾಯವೂ ಇವೆ. ಅದರಿಂದ ಗಣಕಯಂತ್ರವನ್ನೇ ಪಿಂಗಳನು ಕಂಡಿದ್ದನೆಂದು ಹೇಳಹೊರಡುವುದು ಪಿಂಗಳನಿಗೆ ಗೌರವವಲ್ಲ. ಆತನು ಎಣಿಸಿದುದು ವೃತ್ತಗಳನ್ನು, ಬೋದೊ ಎಣಿಸಿದುದು ಫ್ರೆಂಚ್ ಅಕ್ಷರಗಳನ್ನು. ಲೆಕ್ಕ ಮಾತ್ರ ಒಂದೇ. ಮೂವತ್ತೆರಡು ಭೇದಗಳಲ್ಲಿ ಅಕ್ಷರಗಳು, ಅಂಕಿಗಳು, ವಿರಾಮಚಿಹ್ನೆಗಳು ಎಲ್ಲವೂ ಹಿಡಿಯವಾದುದರಿಂದ, 'ಇನ್ನು ಮುಂದೆ ಬರುವುದು ಅಂಕಿ' ಎಂದು ಸೂಚಿಸುವ ಚಿಹ್ನೆಯನ್ನೂ ಆತನು ಇಡಬೇಕಾಯಿತು. ಬೋದೊ ತೀರಿಕೊಂಡುದು ೧೯೦೩ರಲ್ಲಿ. ೧೯೨೦ರ ದಶಕದ ಕೊನೆಯಲ್ಲಿ ಅಂತರರಾಷ್ಟ್ರೀಯ ತಂತಿ ವ್ಯವಹಾರದವರು ಸೆಕೆಂಡಿಗೆ ಇಷ್ಟು ಮಾತ್ರೆಗಳೆಂಬ ವೇಗದ ಮಾನಕ್ಕೆ ಆತನ ಹೆಸರನ್ನೇ ಮೊಟಕಿಸಿ 'ಬಾಡ್' ಎಂದು ಕರೆದರು.

ಬಾಡ್ ಎಂಬುದು ತಾಳದ ಲೆಕ್ಕ. ತಾಳದಲ್ಲಿ ತುಂಬಿ ಬರುವ ಸುದ್ದಿ ಎಷ್ಟೆಂಬುದು ಬೇರೆಯ ಪ್ರಶ್ನೆ; ಅದನ್ನು ಕೇಳಿದವರು ಅಮೆರಿಕಾದ ದೂರವಾಣಿಯ ಸಂಸ್ಥೆಯಲ್ಲಿದ್ದ ಹ್ಯಾರಿ ನೈಕ್ವಿಸ್ಟ್ ಮತ್ತು ರಾಲ್ಫ್ ಹಾರ್ಟ್ಲಿ. ನೈಕ್ವಿಸ್ಟನ ಪ್ರಬಂಧವು ೧೯೨೪ರಲ್ಲಿ, ಹಾರ್ಟ್ಲಿಯ ಪ್ರಬಂಧವು ೧೯೨೮ರಲ್ಲಿ ಪ್ರಕಟವಾದುವು. ಸುದ್ದಿಯನ್ನು ಅಳೆಯಬೇಕಾದರೆ ಸಾಧ್ಯತೆಗಳ ಸಂಖ್ಯೆಯ ಲಾಗರಿತಮ್ಮನ್ನು ತೆಗೆದುಕೊಳ್ಳಬೇಕೆಂದು ಹಾರ್ಟ್ಲಿ ತೋರಿಸಿದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಶತ್ರುಗಳ ಗುಪ್ತಲಿಪಿಗಳನ್ನು ಬಿಡಿಸುತ್ತಿದ್ದ ಅಲನ್ ಟ್ಯೂರಿಂಗನು ಹತ್ತರ ಲಾಗರಿತಮ್ಮನ್ನು ಹಿಡಿದು 'ಬ್ಯಾನ್' ಎಂಬ ಮಾನವನ್ನು ಬಳಸಿದ್ದನು. ಆ ಲೆಕ್ಕದ ಉದ್ದನೆಯ ಹಾಳೆಗಳು ಅಚ್ಚಾಗುತ್ತಿದ್ದ ಬ್ಯಾನ್‌ಬರಿ ಎಂಬ ಊರಿನಿಂದ ಆ ಹೆಸರು ಬಂದಿತು. ಗುಟ್ಟಿನ ಕೆಲಸವಾದುದರಿಂದ ಅದು ಲೋಕದಲ್ಲಿ ಬಳಕೆಗೆ ಬರಲಿಲ್ಲ.

ಬಳಕೆಗೆ ಬಂದುದು ಎರಡರ ಲೆಕ್ಕ. ೧೯೪೮ರ ಜುಲೈ ಮತ್ತು ಅಕ್ಟೋಬರ್ ತಿಂಗಳುಗಳ ಬೆಲ್ ಸಂಸ್ಥೆಯ ಪತ್ರಿಕೆಯಲ್ಲಿ ಕ್ಲಾಡ್ ಶಾನನನು ಸಂವಹನದ ಗಣಿತಸಿದ್ಧಾಂತವನ್ನು ಪ್ರಕಟಿಸಿದನು. ಅದೇ ವರ್ಷದ ಜೂನ್ ತಿಂಗಳಲ್ಲಿ ಅದೇ ಸಂಸ್ಥೆಯವರು ಟ್ರಾನ್ಸಿಸ್ಟರನ್ನು ಲೋಕಕ್ಕೆ ಸಾರಿದ್ದರು. ಆ ಶತಮಾನದ ಉಳಿದರ್ಧವನ್ನು ಆಳಿದ ಎರಡು ಸಂಗತಿಗಳು ಒಂದೇ ಮನೆಯಿಂದ ಒಂದೇ ಬೇಸಗೆಯಲ್ಲಿ ಹೊರಬಿದ್ದುವು. ಸಮನಾದ ಎರಡು ಸಾಧ್ಯತೆಗಳಲ್ಲಿ ಒಂದನ್ನು ಆರಿಸಿ ತಿಳಿಸಿದರೆ ಎಷ್ಟು ಸುದ್ದಿಯೋ ಅಷ್ಟು ಒಂದು ಮಾನ. ಅದಕ್ಕೆ 'ಬಿಟ್' ಎಂದು ಹೆಸರಿಟ್ಟವನು ಜಾನ್ ಟ್ಯೂಕಿಯೆಂದು ಶಾನನನೇ ಆ ಪ್ರಬಂಧದಲ್ಲಿ ಒಪ್ಪಿಕೊಂಡಿದ್ದಾನೆ. 'ಬೈನರಿ ಡಿಜಿಟ್', ಅಂದರೆ ದ್ವಿಮಾನದ ಅಂಕಿ, ಎಂಬ ಎರಡು ಪದಗಳನ್ನು ಹಿಂಡಿ ಟ್ಯೂಕಿ ಈ ಚೂರನ್ನು ತೆಗೆದಿದ್ದನು. ಸಾಹಿತ್ಯಪ್ರಿಯರಿಗೆ ಇಲ್ಲಿ ಒಂದು ಮಾತು ಕಟುವಾಗಿ ತೋರಬಹುದು. ಸಂದೇಶದ ಅರ್ಥಕ್ಕೂ ಈ ಅಳತೆಗೂ ಸಂಬಂಧವಿಲ್ಲವೆಂದು ಶಾನನನು ಮೊದಲಿಗೇ ಹೇಳಿಬಿಟ್ಟನು. ತಕ್ಕಡಿಗೆ ಚಿನ್ನವೂ ಒಂದೇ, ಸೀಸವೂ ಒಂದೇ. ಅರ್ಥವನ್ನು ಬದಿಗಿಟ್ಟುದರಿಂದಲೇ ಅಳತೆಯು ಸಾಧ್ಯವಾಯಿತೆಂಬುದನ್ನೂ ಒಪ್ಪಬೇಕು.

ಬಿಟ್ ಬಹಳ ಸಣ್ಣ ಕಾಳು. ಅದನ್ನು ಒಂದೊಂದಾಗಿ ಎಣಿಸುತ್ತ ಕುಳಿತರೆ ವ್ಯವಹಾರ ಸಾಗದು. ಜರ್ಮನಿಯಲ್ಲಿ ಹುಟ್ಟಿ ಅಮೆರಿಕಾದಲ್ಲಿ ನೆಲೆಸಿದ ವರ್ನರ್ ಬುಕ್‌ಹೋಲ್ಟ್ಸನು ೧೯೫೬ರಲ್ಲಿ ಐಬಿಎಂ ಸಂಸ್ಥೆಯ 'ಸ್ಟ್ರೆಚ್' ಎಂಬ ಮಹಾಯಂತ್ರದ ರಚನೆಯಲ್ಲಿ ತೊಡಗಿದ್ದಾಗ, ಒಂದು ಅಕ್ಷರಕ್ಕೆ ಬೇಕಾಗುವ ಬಿಟ್ಟುಗಳ ಗುಂಪಿಗೆ ಹೆಸರೊಂದು ಬೇಕಾಯಿತು. ಯಂತ್ರವು ಒಂದು ಸಲಕ್ಕೆ ಬಾಯಿಗಿಡುವ ತುತ್ತು ಎಂಬ ಅರ್ಥದಲ್ಲಿ 'ಬೈಟ್' ಎಂದನು. ಕಚ್ಚುವುದೆಂಬ ಅರ್ಥದ ಇಂಗ್ಲಿಷ್ ಪದದ ಕಾಗುಣಿತವನ್ನೇ ಇಟ್ಟರೆ ಅಚ್ಚಿನಲ್ಲಿ ಒಂದಕ್ಷರ ಬಿದ್ದುಹೋಗಿ ಅದು 'ಬಿಟ್' ಆದೀತೆಂಬ ಭಯದಿಂದ ನಡುವಣ ಅಕ್ಷರವನ್ನು ಬೇಕೆಂದೇ ಬದಲಾಯಿಸಿದನು. ಇಷ್ಟು ಮುಂದಾಲೋಚನೆ ಮಾಡಿದವನಿಗೂ ಹೊಳೆಯದೆ ಹೋದುದು ಸಂಕ್ಷೇಪದ ಮಾತು. ಎರಡು ಪದಗಳ ಮೊದಲಕ್ಷರವೂ ಒಂದೇ ಆದುದರಿಂದ, ಇಂದಿಗೂ ಜಾಹೀರಾತಿನಲ್ಲಿ ಚಿಕ್ಕ 'ಬಿ' ಇದ್ದರೆ ಬಿಟ್, ದೊಡ್ಡ 'ಬಿ' ಇದ್ದರೆ ಬೈಟ್. ಎಂಟರಷ್ಟು ಅಂತರವು ಒಂದಕ್ಷರದ ಗಾತ್ರದ ಮೇಲೆ ನಿಂತಿದೆ.

ಮೊದಲು ಬೈಟಿಗೆ ಇಂತಿಷ್ಟೇ ಬಿಟ್ಟುಗಳೆಂಬ ನಿಯಮವಿರಲಿಲ್ಲ. ಸ್ಟ್ರೆಚ್ ಯಂತ್ರದಲ್ಲಿ ಒಂದರಿಂದ ಎಂಟರವರೆಗೆ ಎಷ್ಟಾದರೂ ಆಗಬಹುದಾಗಿದ್ದಿತು. ಆ ಕಾಲದ ಹೆಚ್ಚಿನ ಯಂತ್ರಗಳಲ್ಲಿ ಅಕ್ಷರಕ್ಕೆ ಆರೇ ಬಿಟ್ಟು. ಆರರಿಂದ ಅರುವತ್ತನಾಲ್ಕು ಭೇದಗಳು. ಇಂಗ್ಲಿಷಿನ ದೊಡ್ಡಕ್ಷರಗಳಿಗೂ ಅಂಕಿಗಳಿಗೂ ಅದು ಸಾಕು, ಚಿಕ್ಕಕ್ಷರಗಳೂ ಸೇರಿದರೆ ಸಾಲದು. ೧೯೬೪ರ ಏಪ್ರಿಲ್ ತಿಂಗಳಲ್ಲಿ ಐಬಿಎಂ ಸಂಸ್ಥೆಯು 'ಸಿಸ್ಟಂ/೩೬೦' ಎಂಬ ಯಂತ್ರಗಳ ಕುಟುಂಬವನ್ನು ಹೊರತಂದಾಗ ಬೈಟಿಗೆ ಎಂಟೆಂದು ನಿಶ್ಚಯವಾಗಿದ್ದಿತು. ಜೀನ್ ಆಮ್ಡಾಲ್ ಆರರ ಪಕ್ಷ, ಫ್ರೆಡ್ ಬ್ರೂಕ್ಸ್ ಎಂಟರ ಪಕ್ಷ. ಬ್ರೂಕ್ಸನ ಮಾತು ಗೆದ್ದಿತು. ಎಂಟಕ್ಷರದ ಪಾದವುಳ್ಳ ಅನುಷ್ಟುಪ್ ಛಂದಸ್ಸಿನಲ್ಲಿ ಪ್ರಸ್ತಾರದಿಂದ ೨೫೬ ವೃತ್ತಗಳು ಹೇಗೋ, ಹಾಗೆಯೇ ಒಂದು ಬೈಟಿನಲ್ಲಿ ೨೫೬ ಭೇದಗಳು. ಫ್ರೆಂಚರು ಗೊಂದಲವೇ ಬೇಡವೆಂದು ಅದನ್ನು 'ಆಕ್ಟೆಟ್', ಅಂದರೆ ಅಷ್ಟಕ, ಎಂದು ಕರೆಯುತ್ತಾರೆ. ಅದು ಹೆಚ್ಚು ವಿವೇಕದ ಹೆಸರು.

೧೯೫೬ನೆಯ ವರ್ಷವು ಈ ಚರಿತ್ರೆಯಲ್ಲಿ ಮತ್ತೂ ಒಂದು ಕಾರಣಕ್ಕಾಗಿ ಸ್ಮರಣೀಯವಾದುದು. ತಿರುಗುವ ತಟ್ಟೆಗಳ ಮೇಲೆ ಬರೆದಿಡುವ ಮೊದಲ ಸಂಗ್ರಹಯಂತ್ರವನ್ನು ಐಬಿಎಂ ಸಂಸ್ಥೆಯು ಪ್ರಕಟಿಸಿದುದು ಆ ವರ್ಷದ ಸೆಪ್ಟೆಂಬರಿನಲ್ಲಿ. ಎರಡಡಿ ಅಗಲದ ಐವತ್ತು ತಟ್ಟೆಗಳು. ತೂಕ ಒಂದು ಟನ್ನಿಗೂ ಮೇಲು. ಹಿಡಿಸುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು. ಇಂದಿನ ಕೈಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರಕ್ಕೆ ಆ ಟನ್ನು ತೂಕದ ಯಂತ್ರವು ಸಾಲದೆ ಹೋಗಬಹುದು. ಅದೇ ವರ್ಷ ಭಾರತದ ಸಂಸತ್ತು ತೂಕ ಮತ್ತು ಅಳತೆಗಳ ಕಾಯಿದೆಯನ್ನು ಮಾಡಿ, ಸೇರು ಮಣಗಳ ಸ್ಥಾನದಲ್ಲಿ ಕಿಲೋಗ್ರಾಮನ್ನು ತರಲು ನಿಶ್ಚಯಿಸಿತು. ಊರಿಗೊಂದು ಸೇರು ಇಲ್ಲಿ ಕೊನೆಗಾಣಲು ಹೊರಟ ಹೊತ್ತಿನಲ್ಲಿಯೇ ಗಣಕಯಂತ್ರದವರ 'ಕಿಲೋ' ಇಬ್ಭಾಗವಾಗುವ ಹಾದಿ ಹಿಡಿಯಿತು.

ಅದು ಆದುದು ಹೀಗೆ. ಕಿಲೋ ಎಂಬುದು ಗ್ರೀಕ್ ಭಾಷೆಯ ಸಾವಿರವೆಂಬ ಪದದಿಂದ ಬಂದುದು. ಫ್ರಾನ್ಸಿನವರು ೧೭೯೫ರಲ್ಲಿ ಅದನ್ನು ತಮ್ಮ ಹೊಸ ಅಳತೆಗಳಿಗೆ ಸೇರಿಸಿದರು. ಆದರೆ ಗಣಕಯಂತ್ರದ ಸ್ಮೃತಿಯೊಳಗಣ ಪ್ರತಿಯೊಂದು ಮನೆಗೂ ಬಿಟ್ಟುಗಳಿಂದಾದ ಒಂದು ವಿಳಾಸವಿರಬೇಕು. ವಿಳಾಸಕ್ಕೆ ಹತ್ತು ಬಿಟ್ಟುಗಳನ್ನಿಟ್ಟರೆ ೧,೦೨೪ ಮನೆಗಳಾಗುವುವು. ಸಾವಿರಕ್ಕೇ ನಿಲ್ಲಿಸಿ ಇಪ್ಪತ್ತನಾಲ್ಕು ವಿಳಾಸಗಳನ್ನು ಹಾಳುಗೆಡಹುವುದು ಜಾಣತನವಲ್ಲ. ೧,೦೨೪ ಎಂಬುದು ಸಾವಿರಕ್ಕೆ ಬಹಳ ಸಮೀಪವಾದುದರಿಂದ ಯಂತ್ರ ಕಟ್ಟುವವರು ಅದನ್ನೇ ಸಲಿಗೆಯಿಂದ ಕಿಲೋ ಎಂದು ಕರೆದರು. ನೂರಕ್ಕೆ ೨.೪ರ ವ್ಯತ್ಯಾಸವನ್ನು ಆಗ ಯಾರೂ ಲಕ್ಷಿಸಲಿಲ್ಲ. ಆದರೆ ಚಕ್ರಬಡ್ಡಿಯಂತೆ ಅದು ಬೆಳೆಯತಕ್ಕ ವ್ಯತ್ಯಾಸ. ಮೆಗಾ ಎಂಬಲ್ಲಿ ನೂರಕ್ಕೆ ೪.೯, ಗಿಗಾ ಎಂಬಲ್ಲಿ ೭.೪, ಟೆರಾ ಎಂಬಲ್ಲಿ ಹೆಚ್ಚುಕಡಿಮೆ ೧೦. ಯಂತ್ರವು ಚಿಕ್ಕದಾಗಿದ್ದಾಗ ಸಲಿಗೆಯಾಗಿದ್ದುದು ಯಂತ್ರವು ಬೆಳೆದಾಗ ಸಾಲವಾಯಿತು.

ತಟ್ಟೆಗಳ ಕಥೆ ಬೇರೆ. ತಟ್ಟೆಯಲ್ಲಿ ಸುತ್ತುಗಳೂ ಖಂಡಗಳೂ ಎಷ್ಟು ಹಿಡಿಸುವುವೋ ಅಷ್ಟು. ಅಲ್ಲಿ ಎರಡರ ಘಾತಕ್ಕೆ ಕಟ್ಟುಬೀಳುವ ಅಗತ್ಯವಿಲ್ಲ. ಆದುದರಿಂದ ಮೊದಲ ತಟ್ಟೆಯಂತ್ರದ ಐವತ್ತು ಲಕ್ಷದಿಂದ ಹಿಡಿದು ತಟ್ಟೆಗಳನ್ನು ಮಾರುವವರು ಸಾವಿರ, ಹತ್ತುಲಕ್ಷಗಳ ಲೆಕ್ಕದಲ್ಲಿಯೇ ಹೇಳುತ್ತ ಬಂದರು. ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಪೆಟ್ಟಿಗೆಯ ಮೇಲಿನ ಟೆರಾಬೈಟೇ ಪಕ್ಕಾ ಸೇರು. ಯಂತ್ರದ ಪರದೆಯ ಮೇಲಿನ ಗಿಗಾಬೈಟು ಆಮೇಲೆ ಬಂದುದು. ಹತ್ತರ ಹನ್ನೆರಡನೆಯ ಘಾತದಷ್ಟು ಬೈಟುಗಳನ್ನು ೧,೦೨೪ರಿಂದ ಮೂರು ಸಲ ಭಾಗಿಸಿದರೆ ೯೩೧ ಬರುವುದು. ಬೈಟು ಒಂದೂ ಕಳೆದಿರುವುದಿಲ್ಲ. ಎರಡು ಲೆಕ್ಕಗಳನ್ನೂ ಬೆರೆಸಿ ಮೂರನೆಯದೊಂದನ್ನು ಮಾಡಿದವರೂ ಉಂಟು. ಒಂದು ಕಾಲದಲ್ಲಿ ಶಾಲೆ ಕಛೇರಿಗಳಲ್ಲೆಲ್ಲ ಓಡಾಡುತ್ತಿದ್ದ ಮೂರೂವರೆ ಅಂಗುಲದ ಫ್ಲಾಪಿಯ ಮೇಲೆ '೧.೪೪ ಮೆಗಾಬೈಟ್' ಎಂದಿರುತ್ತಿತ್ತು. ಅದರಲ್ಲಿದ್ದುದು ೧೪,೭೪,೫೬೦ ಬೈಟುಗಳು. ಹತ್ತುಲಕ್ಷದ ಲೆಕ್ಕದಲ್ಲಿ ಅದು ೧.೪೭, ಎರಡರ ಘಾತದ ಲೆಕ್ಕದಲ್ಲಿ ೧.೪೧, ೧.೪೪ ಆಗಬೇಕಾದರೆ ಒಮ್ಮೆ ಸಾವಿರದಿಂದಲೂ ಇನ್ನೊಮ್ಮೆ ೧,೦೨೪ರಿಂದಲೂ ಭಾಗಿಸಬೇಕು! ಪಕ್ಕಾ ಸೇರಿನಲ್ಲಿ ಅಳೆದು ಕಚ್ಚಾ ಸೇರಿನಲ್ಲಿ ಬೆಲೆ ಕಟ್ಟಿದಂತಹ ಈ ಅಂಕಿಯನ್ನು ಲೋಕವೆಲ್ಲ ನಂಬಿ ನಡೆಯಿತು.

ಕೊನೆಗೆ ವಿಷಯವು ನ್ಯಾಯಾಲಯಕ್ಕೂ ಹೋಯಿತು. ಪೆಟ್ಟಿಗೆಯ ಮೇಲೆ ಬರೆದಷ್ಟು ಸ್ಥಳವು ಯಂತ್ರದಲ್ಲಿ ಕಾಣಿಸುವುದಿಲ್ಲವೆಂದು ಅಮೆರಿಕಾದಲ್ಲಿ ಗ್ರಾಹಕರು ಹೂಡಿದ ದಾವೆಗಳಲ್ಲಿ ತಟ್ಟೆ ತಯಾರಿಸುವ ಎರಡು ದೊಡ್ಡ ಸಂಸ್ಥೆಗಳು ೨೦೦೬ ಮತ್ತು ೨೦೦೭ರಲ್ಲಿ ರಾಜಿ ಮಾಡಿಕೊಂಡುವು. ಅದಕ್ಕೂ ಮೊದಲೇ, ೧೯೯೮ರ ಡಿಸೆಂಬರಿನಲ್ಲಿ, ಅಂತರರಾಷ್ಟ್ರೀಯ ವಿದ್ಯುತ್‌ತಂತ್ರ ಆಯೋಗವು ಕಿಲೋ ಎಂದರೆ ಸಾವಿರವೇ ಸರಿ, ೧,೦೨೪ಕ್ಕೆ 'ಕಿಬಿ' ಎನ್ನಬೇಕು, ಅದರ ಮೇಲೆ 'ಮೆಬಿ', 'ಗಿಬಿ' ಎಂದು ತೀರ್ಪಿತ್ತಿದ್ದಿತು. ನ್ಯಾಯವಾದ ತೀರ್ಪೇ, ಆದರೆ ಆ ಹೆಸರುಗಳು ಜನರ ನಾಲಗೆಗೆ ಹತ್ತಲಿಲ್ಲ. ಆಪಲ್ ಸಂಸ್ಥೆಯು ೨೦೦೯ರಲ್ಲಿ ತನ್ನ ಯಂತ್ರಗಳ ಲೆಕ್ಕವನ್ನು ಸಾವಿರಕ್ಕೆ ತಿರುಗಿಸಿತು. ವಿಂಡೋಸ್ ವ್ಯವಸ್ಥೆಯು ಎಣಿಸುವುದು ೧,೦೨೪ರಿಂದ, ಬರೆಯುವುದು ಗಿಗಾಬೈಟೆಂದು. ಒಂದೇ ತಟ್ಟೆಯನ್ನು ಒಂದು ಯಂತ್ರದಿಂದ ಬಿಚ್ಚಿ ಮತ್ತೊಂದಕ್ಕೆ ಸಿಕ್ಕಿಸಿದರೆ ಅದು ಹಿಗ್ಗಿದಂತೆಯೋ ಕುಗ್ಗಿದಂತೆಯೋ ಕಾಣುವುದು ಇದರಿಂದಲೇ.

ಇನ್ನು ವೇಗದ ಮಾತು. ತಂತಿಯಲ್ಲಿ ಮಾತ್ರೆಗಳು ಒಂದರ ಹಿಂದೊಂದಾಗಿ ಸಾಲುಗಟ್ಟಿ ಹೋಗತಕ್ಕವು. ಅಲ್ಲಿ ವಿಳಾಸಗಳ ಮನೆಗಳಿಲ್ಲ, ಗಡಿಯಾರದ ಬಡಿತವಿದೆ. ಬಡಿತಗಳನ್ನು ಎಣಿಸುವುದು ಸಾವಿರ, ಹತ್ತುಲಕ್ಷಗಳಿಂದ. ಹೀಗಾಗಿ ಮಾರ್ಗದ ವೇಗವು ಬೋದೊವಿನ ಕಾಲದ ಅಭ್ಯಾಸದಂತೆ ಬಿಟ್ಟುಗಳಲ್ಲಿಯೂ ಶುದ್ಧ ಸಾವಿರದಲ್ಲಿಯೂ ಉಳಿಯಿತು. ಸಂಗ್ರಹವು ಅಕ್ಷರಗಳ ಅಭ್ಯಾಸದಂತೆ ಬೈಟಿನಲ್ಲಿ ಉಳಿಯಿತು. ಅಮೆರಿಕಾದಲ್ಲಿ ೧೯೬೨ರಲ್ಲಿ ದೂರವಾಣಿಯ ಮೂಲಕ ಗಣಕಗಳನ್ನು ಜೋಡಿಸಲು ಹೊರಬಂದ ಬೆಲ್ ೧೦೩ ಎಂಬ ಉಪಕರಣದ ವೇಗ ಸೆಕೆಂಡಿಗೆ ೩೦೦ ಬಿಟ್. ಅದು ೩೦೦ ಬಾಡೂ ಹೌದು. ಪ್ರತಿ ಬೈಟಿನ ಹಿಂದೆ ಮುಂದೆ ಆದಿ ಅಂತ್ಯಗಳನ್ನು ಸೂಚಿಸುವ ಒಂದೊಂದು ಬಿಟ್ಟನ್ನು ಸೇರಿಸಿದರೆ ಸೆಕೆಂಡಿಗೆ ಮೂವತ್ತು ಅಕ್ಷರಗಳು. ಮುಂದೆ ಬಂದ ಉಪಕರಣಗಳು ಒಂದೇ ಮಾತ್ರೆಯಲ್ಲಿ ಎರಡಲ್ಲದೆ ನಾಲ್ಕು ಭೇದಗಳನ್ನು ತುಂಬಿ, ೬೦೦ ಬಾಡಿನಲ್ಲಿ ೧,೨೦೦ ಬಿಟ್ಟುಗಳನ್ನು ಸಾಗಿಸಿದುವು; ೧೯೯೪ರ ಹೊತ್ತಿಗೆ ೩,೨೦೦ ಬಾಡಿನ ಮೇಲೆ, ಮಾತ್ರೆಗೆ ಒಂಬತ್ತು ಬಿಟ್ಟಿನಂತೆ, ೨೮,೮೦೦ ಬಿಟ್ಟುಗಳು ಹೋಗುತ್ತಿದ್ದುವು. ವಿಳಂಬದಲ್ಲಿ ತಾಳ ಹಾಕುತ್ತ ದುರಿತದಲ್ಲಿ ನುಡಿಸುವ ವಾದಕನನ್ನು ಕಂಡವರಿಗೆ ಬಾಡಿಗೂ ಬಿಟ್ಟಿಗೂ ಇರುವ ಭೇದವನ್ನು ವಿವರಿಸಬೇಕಾದುದಿಲ್ಲ. ಅಂಗಡಿಯವರು ಮಾತ್ರ ಬಹುಕಾಲ ೧,೨೦೦ ಬಾಡೆಂದೇ ತಪ್ಪಾಗಿ ಕೂಗುತ್ತಿದ್ದರು.

ಭಾರತದ ಸಾಮಾನ್ಯ ಜನರಿಗೆ ಅಂತರ್ಜಾಲವು ತೆರೆದುದು ೧೯೯೫ರ ಆಗಸ್ಟ್ ೧೫ರಂದು. 'ಬ್ರಾಡ್‌ಬ್ಯಾಂಡ್' ಎಂಬ ಹೆಸರಿಗೆ ಅರ್ಹವಾಗಲು ಸೆಕೆಂಡಿಗೆ ೨೫೬ ಕಿಲೋಬಿಟ್ ಇರಬೇಕೆಂದು ೨೦೦೪ರ ಸರಕಾರಿ ನೀತಿಯು ಹೇಳಿತು. ೨೦೧೩ರಲ್ಲಿ ಅದು ೫೧೨ ಆಯಿತು. ೨೦೨೩ರಲ್ಲಿ ೨ ಮೆಗಾಬಿಟ್. ಈ ಅಂಕಿಗಳೆಲ್ಲವೂ ಬಿಟ್ಟಿನವು. ೧೦೦ ಮೆಗಾಬಿಟ್ಟನ್ನು ಎಂಟರಿಂದ ಭಾಗಿಸಿದರೆ ೧೨.೫ ಮೆಗಾಬೈಟ್, ಕಡತದ ಜೊತೆಗೆ ವಿಳಾಸ, ತಪಾಸಣೆಯ ಗುರುತು ಮುಂತಾದ ಹೊದಿಕೆಯೂ ಬರಬೇಕಾದುದರಿಂದ ಪರದೆಯ ಮೇಲೆ ಅದಕ್ಕಿಂತ ತುಸು ಕಡಿಮೆ ಕಾಣುವುದು.

ಒಂದು ಬೈಟಿಗೆ ಒಂದಕ್ಷರವೆಂಬ ಮಾತು ಇಂಗ್ಲಿಷಿಗೆ ಅಳತೆ ತೆಗೆದು ಹೊಲಿದ ಅಂಗಿ. ಕನ್ನಡಕ್ಕೆ ಅದು ಒಮ್ಮೆ ಹೊಂದಿದ್ದುದೂ ಉಂಟು. ಭಾರತೀಯ ಮಾನಕ ಸಂಸ್ಥೆಯು ೧೯೯೧ರಲ್ಲಿ ಸ್ಥಿರಪಡಿಸಿದ 'ಇಸ್ಕಿ' ಎಂಬ ಸಂಕೇತದಲ್ಲಿ ಕನ್ನಡದ ಒಂದೊಂದು ಮೂಲಾಕ್ಷರವೂ ಒಂದೊಂದು ಗುಣಿತಚಿಹ್ನೆಯೂ ಒಂದೇ ಬೈಟಿನಲ್ಲಿ ಅಡಗಿದ್ದುವು. ಆದರೆ ಆ ಸಂಕೇತದಲ್ಲಿ ಕನ್ನಡದ 'ಕ'ಕಾರಕ್ಕೂ ತೆಲುಗಿನ 'ಕ'ಕಾರಕ್ಕೂ ಒಂದೇ ಅಂಕಿ. ಲಿಪಿ ಯಾವುದೆಂದು ಬೇರೆಯಾಗಿ ಹೇಳಬೇಕಾಗಿದ್ದಿತು. ಲೋಕದ ಲಿಪಿಗಳಿಗೆಲ್ಲ ಬೇರೆ ಬೇರೆ ಅಂಕಿಗಳನ್ನು ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನ ದೊರೆತುದು ಅದೇ ೧೯೯೧ರಲ್ಲಿ. ಮರುವರ್ಷ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬವರು ಆ ಅಂಕಿಗಳನ್ನು ಬೈಟುಗಳಲ್ಲಿ ಬರೆಯುವ 'ಯುಟಿಎಫ್-೮' ಎಂಬ ಕ್ರಮವನ್ನು ರಚಿಸಿದರು. ಇಂದು ಅಂತರ್ಜಾಲದ ಬಹುಪಾಲು ಬರಹವು ಇರುವುದು ಇದರಲ್ಲಿಯೇ. ಇದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್, ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು. 'ಕನ್ನಡ' ಎಂಬ ಪದವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಏಳು ಬೈಟುಗಳು. ಕನ್ನಡ ಲಿಪಿಯಲ್ಲಿ, ಎರಡು ನಕಾರಗಳ ನಡುವಣ ವಿರಾಮಚಿಹ್ನೆಯೂ ಸೇರಿ, ಐದು ಚಿಹ್ನೆಗಳು, ಹದಿನೈದು ಬೈಟುಗಳು. ಕಾಗದದ ತಲೆಯಲ್ಲಿ ಬರೆಯುವ 'ಶ್ರೀ' ಎಂಬುದು ಕಣ್ಣಿಗೆ ಒಂದಕ್ಷರ. ಯಂತ್ರಕ್ಕೆ ಶಕಾರ, ವಿರಾಮ, ರೇಫ, ದೀರ್ಘ ಈಕಾರವೆಂದು ನಾಲ್ಕು ಚಿಹ್ನೆಗಳು, ಹನ್ನೆರಡು ಬೈಟುಗಳು.

ಈ ಹೊರೆಯು ಜನರಿಗೆ ನೇರವಾಗಿ ತಟ್ಟಿದುದು ಕೈಫೋನಿನ ಕಿರುಸಂದೇಶಗಳಲ್ಲಿ. ಒಂದು ಸಂದೇಶಕ್ಕೆ ಗೊತ್ತುಮಾಡಿದ ಗಾತ್ರ ೧೪೦ ಬೈಟುಗಳು. ಇಂಗ್ಲಿಷಿನಲ್ಲಿ ಏಳೇಳು ಬಿಟ್ಟಿಗೆ ಒಂದಕ್ಷರದಂತೆ ಒತ್ತಿ ತುಂಬಿ ೧೬೦ ಅಕ್ಷರಗಳನ್ನು ಹಿಡಿಸುತ್ತಾರೆ. ಕನ್ನಡದಲ್ಲಿ ಬರೆದೊಡನೆ ಚಿಹ್ನೆಗೆ ಎರಡು ಬೈಟಿನಂತೆ ೭೦ಕ್ಕೇ ಅದು ತುಂಬಿಹೋಗುತ್ತದೆ. ಮುಂದಿನದಕ್ಕೆ ಎರಡನೆಯ ಸಂದೇಶ, ಎರಡನೆಯ ಶುಲ್ಕ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಬರೆಯುವ ಚಾಳಿಗೆ ಕೀಲಿಮಣೆಯ ತೊಂದರೆಯೊಡನೆ ಈ ಲೆಕ್ಕವೂ ಕಾರಣವಾಗಿರಲಾರದೆಂದು ಹೇಳಲಾಗದು. ದೊಡ್ಡ ಮಾರ್ಗಗಳಲ್ಲಿ ಮಾತ್ರ ಆ ಹೊರೆಯು ಹೊರೆಯೇ ಅಲ್ಲ. ಐದು ಲಕ್ಷ ಚಿಹ್ನೆಗಳುಳ್ಳ ಒಂದು ಕನ್ನಡ ಗ್ರಂಥವು ಹೆಚ್ಚೆಂದರೆ ೧೫ ಲಕ್ಷ ಬೈಟುಗಳಾದೀತು. ಸೆಕೆಂಡಿಗೆ ೧೦೦ ಮೆಗಾಬಿಟ್ಟಿನ ಮಾರ್ಗದಲ್ಲಿ ಅದು ಬಂದು ತಲಪಲು ಸೆಕೆಂಡಿನ ಎಂಟನೆಯ ಒಂದು ಪಾಲು ಸಾಕು. ೧೯೬೨ರ ೩೦೦ ಬಿಟ್ಟಿನ ಉಪಕರಣಕ್ಕೆ ಅದೇ ಗ್ರಂಥವನ್ನು ಒಪ್ಪಿಸಿದ್ದರೆ ಸುಮಾರು ಹದಿನಾಲ್ಕು ಗಂಟೆಗಳು ಹಿಡಿಯುತ್ತಿದ್ದುವು.